ಮೊದಲು ಅರ, ಮಷೀನ್ ಆಮೇಲೆ

ಜಾತ್ರೆಯಲ್ಲಿ ಕೊಂಡ ಪ್ಲಾಸ್ಟಿಕ್ ಬಸ್ಸನ್ನು ಕೊಯ್ದು, ಕಿಟಕಿ ಬದಲಿಸಿ, ಶ್ರೀನಿವಾಸಪುರ–ಕೋಲಾರ ಪ್ರೈವೇಟ್ ಬಸ್ಸಿನಂತೆ ಬಣ್ಣ ಬಳಿಯುವ ಹುಚ್ಚು ನನ್ನೊಬ್ಬನದೇ ಅಲ್ಲ. ಮಾಲೂರು, ಮುಳಬಾಗಿಲಿನಲ್ಲೂ ಇಂಥ ಗೆಳೆಯರಿದ್ದಾರೆ. ಹೊಸದಾಗಿ ಶುರು ಮಾಡುವವರೆಲ್ಲ ಕೇಳುವುದು ಒಂದೇ: ‘ಯಾವ ಮಷೀನ್ ತಗೊಳ್ಳಲಿ?’ ವಿಡಿಯೊಗಳಲ್ಲಿ ಎಲ್ಲರ ಕೈಯಲ್ಲೂ ಗುಂಯ್‌ಗುಡುವ ರೋಟರಿ ಟೂಲ್ ಇರುತ್ತದಲ್ಲ, ಅದರ ಪ್ರಭಾವ. ನನ್ನ ಉತ್ತರ: ಸದ್ಯಕ್ಕೆ ಯಾವುದೂ ಬೇಡ.

ಮನೆಯಲ್ಲಿ ಸಾವಿರಾರು ರೂಪಾಯಿ ಕೇಳಿದ ದಿನವೇ ಎಷ್ಟೋ ಹುಡುಗರ ಈ ಹವ್ಯಾಸ ನಿಂತುಹೋಗುತ್ತದೆ. ಆದರೆ ಕಾರಣ ದುಡ್ಡೊಂದೇ ಅಲ್ಲ. ಆ ಯಂತ್ರ ನಿಮಿಷಕ್ಕೆ 30 ಸಾವಿರ ಸುತ್ತಿನವರೆಗೂ ತಿರುಗುತ್ತದೆ. ಆಟಿಕೆಗಳಲ್ಲಿ ಬಳಸುವ ಎಬಿಎಸ್ ಪ್ಲಾಸ್ಟಿಕ್ಕೋ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ತಿಕ್ಕಾಟದ ಬಿಸಿಗೆ ಅದು ತುಂಡಾಗುವ ಬದಲು ಕರಗಿ, ಬ್ಲೇಡ್ ದಾಟಿದ ಮೇಲೆ ಮತ್ತೆ ಅಂಟಿಕೊಳ್ಳುತ್ತದೆ. ಅಂಚೆಲ್ಲ ಗಂಟು ಗಂಟು. ಪಿವಿಸಿ ಸುಟ್ಟರಂತೂ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತದೆ; ಕಣ್ಣು, ಗಂಟಲು ಉರಿಸುವ ಅನಿಲ ಅದು. ಒಂದೇ ಕೋಣೆಯಲ್ಲಿ ತಂಗಿ ಓದುತ್ತಾ, ಅಜ್ಜಿ ಮಲಗಿರುವ ನಮ್ಮಂಥ ಮನೆಗಳಲ್ಲಿ ಇದು ಸಣ್ಣ ವಿಷಯವಲ್ಲ.

ಬೇಕಾದದ್ದು ಹಾರ್ಡ್‌ವೇರ್ ಅಂಗಡಿಯಲ್ಲೇ ಇದೆ. ಹ್ಯಾಕ್ಸಾ ಬ್ಲೇಡ್ ಕೊಳ್ಳುವಾಗ ಇಂಚಿಗೆ 32 ಹಲ್ಲಿನದು ಕೇಳಿ. 18 ಹಲ್ಲಿನದು ತೆಳು ಪ್ಲಾಸ್ಟಿಕ್ಕನ್ನು ಕಚ್ಚಿ ಸೀಳಿಬಿಡುತ್ತದೆ. ಒಂದು ತುದಿಗೆ ಬಟ್ಟೆ ಸುತ್ತಿದರೆ ಹಿಡಿ ಆಯಿತು. ಚಪ್ಪಟೆ ಭಾಗಕ್ಕೆ ಗರಗಸವೂ ಬೇಡ. ಸ್ಟೀಲ್ ಸ್ಕೇಲ್ ಒತ್ತಿ ಹಿಡಿದು, ಕಟರ್‌ನಿಂದ ಒಂದೇ ಗೆರೆಯ ಮೇಲೆ ಏಳೆಂಟು ಸಲ ಹಗುರವಾಗಿ ಎಳೆದು ಬಗ್ಗಿಸಿದರೆ ಟಪ್ ಅಂತ ಮುರಿಯುತ್ತದೆ. ಒಂದೇ ಸಲಕ್ಕೆ ಕೊಯ್ಯಲು ಜೋರಾಗಿ ಒತ್ತಿದರೆ ಬ್ಲೇಡ್ ಜಾರುವುದು ಬೆರಳಿಗೇ. ಕಿಟಕಿಯ ಮೂಲೆಗಳಿಗೆ ಸಣ್ಣ ಅರಗಳ ಸೆಟ್. ಕೊನೆಗೆ ಗ್ಯಾರೇಜಿನವರ ವಾಟರ್ ಪೇಪರ್. ಮೊದಲು 400, ಆಮೇಲೆ 800. ನೀರು ಮುಟ್ಟಿಸಿ ಉಜ್ಜಿದರೆ ದೂಳು ಹಾರುವುದಿಲ್ಲ. ಬರದ ಜಿಲ್ಲೆಯವರಾದರೂ ಇದಕ್ಕೊಂದು ಮಗ್ ನೀರು ಕೊಡಬಹುದು ಬಿಡಿ!

ಇಷ್ಟಾಗಿಯೂ ಕೆಲವು ಆಟಿಕೆಗಳು ಬಗ್ಗುವುದಿಲ್ಲ. ತ್ರಿಕೋನದೊಳಗೆ 5 ಎಂದಿದ್ದರೆ ಅದು ಪಾಲಿಪ್ರೊಪಿಲೀನ್. ಉಜ್ಜಿದಷ್ಟೂ ಜುಂಗು ಏಳುತ್ತದೆ, ಅಂಟು, ಬಣ್ಣ ಹಿಡಿಯುವುದಿಲ್ಲ. ಅದನ್ನು ಬಿಟ್ಟುಬಿಡಿ. ಹಾಟ್ ವೀಲ್ಸ್ ಕಾರಿನ ತಳದ ರಿವೆಟ್ ತೆಗೆಯಲು ಮಾತ್ರ ಡ್ರಿಲ್ ಬೇಕು, ಒಪ್ಪುತ್ತೇನೆ. ಅದನ್ನು ಒಂದು ದಿನದ ಮಟ್ಟಿಗೆ ಪಕ್ಕದ ಬೀದಿಯಿಂದ ಎರವಲು ತರಬಹುದು.

ಕಲಿಸುವವರಿಗೂ ಇಲ್ಲಿ ಬರವಿಲ್ಲ. ನರಸಾಪುರ, ಮಾಲೂರಿನ ಕಾರ್ಖಾನೆಗಳಿಗೆ ಹೋಗುವ ಐಟಿಐ ಫಿಟ್ಟರ್ ಅಣ್ಣಂದಿರು ಬೀದಿಗೊಬ್ಬರಿದ್ದಾರೆ. ಅವರ ಕಲಿಕೆ ಶುರುವಾಗುವುದೇ ಗುರುತು ಹಾಕುವುದು, ಗರಗಸ ಎಳೆಯುವುದು, ಅರ ಉಜ್ಜುವುದರಿಂದ. ಅರವನ್ನು ಮುಂದಕ್ಕೆ ತಳ್ಳುವಾಗಷ್ಟೇ ಒತ್ತಬೇಕು, ಹಿಂದಕ್ಕೆ ಎಳೆಯುವಾಗ ಸಡಿಲ ಬಿಡಬೇಕು ಎಂಬುದನ್ನು ಯಾವ ವಿಡಿಯೊಗಿಂತಲೂ ಚೆನ್ನಾಗಿ ಅವರು ಕೈ ಹಿಡಿದು ತೋರಿಸಬಲ್ಲರು. ಭಾನುವಾರ ಒಂದು ಟೀ ಕುಡಿಸಿ ಕೇಳಿ ನೋಡಿ.

ಇನ್ನೊಂದು ಮಾತು. 2021ರಿಂದ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ನಾವು ಕೊಯ್ದು, ಅಂಟಿಸಿ, ಬಣ್ಣ ಹೊಡೆದ ಮೇಲೆ ಆ ಗುರುತಿಗೆ ಅರ್ಥವಿರುವುದಿಲ್ಲ. ಅಕ್ಕನ ಮಗು ಎಷ್ಟೇ ಅತ್ತರೂ ಆ ಬಸ್ಸು ಶೋಕೇಸಿನಲ್ಲೇ ಇರಲಿ. ಮಗುವಿಗೆ ಬೇರೆಯದು ಕೊಡಿಸಿ.