ಮೊದಲು ಕರೆಂಟು ಬಂದ ಊರಿಗೆ ಕೆಲಸ ಬರುವುದೆಂದು?

ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಅದಕ್ಕೂ ಮೊದಲೇ, 1902ರಲ್ಲಿ, ಶಿವನಸಮುದ್ರದ ಕರೆಂಟು ಕೆಜಿಎಫ್ ಗಣಿಗೆ ಬಂದಿತ್ತು. ಅಂಥ ಊರಿನ ಜನ ಈಗ ಹೊಟ್ಟೆಪಾಡಿಗೆ ಬೆಂಗಳೂರು ರೈಲು ಹತ್ತಬೇಕು. ಕಾಲದ ಮಹಿಮೆ ಅನ್ನಿ!

1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಮೇಲೆ ಬಯಲಲ್ಲಿ ಊರೆದ್ದಿತು. ದೊರೆಗಳಿಗೆ ಬಂಗಲೆ, ಕ್ಲಬ್ಬು. ತಮಿಳು, ತೆಲುಗು ಸೀಮೆಯಿಂದ ಬಂದ ಕೂಲಿಗಳಿಗೆ ಸಾಲುಮನೆ. ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕಿಳಿದು ಬಂಡೆ ಒಡೆದವರು ಇವರೇ. ಚಿನ್ನ ಊರು ಬಿಟ್ಟಿತು, ಸೈನೈಡ್ ಗುಡ್ಡ ಉಳಿಯಿತು. ಗಾಳಿ ಎದ್ದರೆ ಅದರ ಧೂಳು ಅನ್ನದ ತಟ್ಟೆಗೂ ಬೀಳುತ್ತದೆ.

2001ರ ಫೆಬ್ರವರಿ 28ರಂದು ಗಣಿಗೆ ಬೀಗ ಬಿತ್ತು. ನಷ್ಟ ಅಂದರು. ಸರಿ, ಗಣಿ ನಷ್ಟ. ಸಾವಿರಾರು ಎಕರೆ ಜಮೀನು, ರೈಲು ಹಳಿ, ಕೈಕೆಲಸ ಬಲ್ಲ ಜನ, ಇವೂ ನಷ್ಟದ ಲೆಕ್ಕವೇನು? ಗಣಿ ಮುಚ್ಚಿದ ಮೇಲೂ ಬೆಮೆಲ್ ಕಾರ್ಖಾನೆ ಇಲ್ಲೇ ನಡೆಯುತ್ತಿಲ್ಲವೇ?

ರಾಬರ್ಟ್‌ಸನ್‌ಪೇಟೆಯ ಅಂಗಡಿಯವರನ್ನು ಕೇಳಿ. ದುಡಿಯೋ ಮಂದಿ ಬೆಳಕು ಹರಿಯುವ ಮೊದಲೇ ಮಾರಿಕುಪ್ಪಂ ರೈಲು ಹಿಡಿದು, ಹಿಂದೆ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಬಂಗಾರಪೇಟೆ ದಾಟಿ ಹೋಗುತ್ತಾರೆ. ವಾಪಸು ರಾತ್ರಿಗೆ. ಸೀಟು ಸಿಕ್ಕ ದಿನವೇ ಹಬ್ಬ; ಬಂಗಾರಪೇಟೆಯ ತಿಳಿನೀರಿನ ಪಾನಿಪುರಿಗೂ ಪುರುಸೊತ್ತಿಲ್ಲ. ಸಂಬಳ ಎಲ್ಲೋ ಅಲ್ಲೇ ಸಾಮಾನು. ಇಲ್ಲಿನ ಗಲ್ಲಾಪೆಟ್ಟಿಗೆ ತುಂಬೋದು ಹೇಗೆ?

ಗಣಿ ಮತ್ತೆ ತೆರೆಯುತ್ತದೆಂಬ ಮಾತು ಚುನಾವಣೆ ಬಂದಾಗ ಚಿಗುರುತ್ತದೆ. ಅದು ಹಾಗಿರಲಿ. ಗಣಿ ಜಮೀನಿನ ಒಂದು ಮೂಲೆಯಲ್ಲಾದರೂ ಕಾರ್ಖಾನೆ ಶೆಡ್ಡು ಏಳಲಿ, ಊರಿನ ಹುಡುಗರಿಗೇ ಮೊದಲ ಕೆಲಸವೆಂಬ ಕರಾರಿನ ಮೇಲೆ.