ಪೀಠ ಬೇಡ, ಪಾಲು ಕೊಡಿ

ಕಳೆದ ವರ್ಷ ನಮ್ಮ ಮಹಿಳಾ ಸಮಾಜದ ವಾರ್ಷಿಕೋತ್ಸವಕ್ಕೆ ಬಂದಿದ್ದ ಅತಿಥಿಗಳೊಬ್ಬರು ಮಾತಿನ ನಡುವೆ ಮಧ್ಯಯುಗದ ಯೂರೋಪನ್ನು ಎಳೆದು ತಂದರು. "ಆ ಕಾಲದ ಕವಿಗಳು ಹೆಣ್ಣನ್ನು ದೇವತೆಯಂತೆ ಪೂಜಿಸಿದರು. ಈಗಿನವರು ಸಮಾನತೆ, ಸಮಾನತೆ ಎಂದು ಕೂಗಿ ಆ ಗೌರವವನ್ನು ಕೈಯಾರೆ ಕಳೆದುಕೊಂಡರು" ಎಂದರು. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಅದೇ ಇಂದಿಗೂ ನನ್ನನ್ನು ಚುಚ್ಚುತ್ತಿದೆ. ಏಕೆಂದರೆ ಆ ಕವಿಗಳಲ್ಲಿ ಬಹು ದೊಡ್ಡವನೆನಿಸಿಕೊಂಡವನ ಹಾಡುಗಳನ್ನು ನಾನು ಇಂಗ್ಲಿಷಿನಲ್ಲಿ ಓದಿದ್ದೆ. ಅಂದು ಎದ್ದು ನಿಂತು ಹೇಳಬೇಕಾಗಿದ್ದ ಮಾತನ್ನು ಈಗ ಬರೆಯುತ್ತಿದ್ದೇನೆ.

ಆತ ಜರ್ಮನ್ ಕವಿ ವಾಲ್ಟರ್ ಫಾನ್ ಡೆರ್ ಫೋಗೆಲ್‌ವೈಡೆ. 1170ರ ಸುಮಾರಿಗೆ ಹುಟ್ಟಿ 1230ರ ಸುಮಾರಿಗೆ ತೀರಿಕೊಂಡವನು. ವಿಯೆನ್ನಾದ ಆಸ್ಥಾನದಲ್ಲಿದ್ದ ಅವನಿಗೆ 1198ರಲ್ಲಿ ಆಶ್ರಯದಾತ ದೊರೆ ಸತ್ತ ಮೇಲೆ ನೆಲೆ ತಪ್ಪಿತು. ಆಮೇಲೆ ಬದುಕೆಲ್ಲ ಅಲೆದಾಟ. ಫಿಲಿಪ್, ಆಟೋ, ಫ್ರೆಡರಿಕ್ ಎಂದು ಒಬ್ಬರಾದ ಮೇಲೊಬ್ಬರಂತೆ ಮೂವರು ಅರಸರ ಪರವಾಗಿ ಹಾಡಿದ. ಪೋಪ್ ಮೂರನೆಯ ಇನೊಸೆಂಟ್ ಚರ್ಚುಗಳಲ್ಲಿ ಕಾಣಿಕೆ ಪೆಟ್ಟಿಗೆ ಇಡಿಸಿದಾಗ, ಆ ದುಡ್ಡು ರೋಮಿನವರ ಹೊಟ್ಟೆ ಸೇರುತ್ತದೆಂದು ಹಾಡಿಯೇ ಹೇಳಿದ ಎದೆಗಾರ.

ಅವನ ಕಾಲದ ಆಸ್ಥಾನದ ಪ್ರೇಮಗೀತೆಗೆ ಒಂದು ಕಟ್ಟಳೆಯಿತ್ತು. ಕವಿ ಎಟುಕದ ಒಬ್ಬ ಒಡತಿಯನ್ನು ಹೊಗಳಬೇಕು, ಅವಳು ಒಲಿಯಬಾರದು, ಇವನು ಕೊರಗಬೇಕು. ಅವಳಿಗಿದ್ದ ಕೆಲಸವೆಂದರೆ ಚೆಲುವಾಗಿ, ದೂರವಾಗಿ ಇರುವುದು. ಅವಳ ಮದುವೆಯನ್ನು ಮನೆಯ ಗಂಡಸರು ಆಸ್ತಿ, ಅಧಿಕಾರ ನೋಡಿ ನಿಶ್ಚಯಿಸುತ್ತಿದ್ದರು. ನಮ್ಮ ಅತಿಥಿಗಳು ಹಂಬಲಿಸಿದ ಗೌರವ ಇದೇ!

ವಾಲ್ಟರನೂ ಹೀಗೆ ಹಾಡಿದವನೇ. ಆದರೆ ಅವನಿಗೆ ಇದು ಸಾಕಾಯಿತು. ಪ್ರೀತಿಯೆಂದರೇನು ಎಂದು ಕೇಳಿಕೊಂಡು, ಅದು ಎರಡು ಹೃದಯಗಳು ಸಮವಾಗಿ ಹಂಚಿಕೊಳ್ಳುವ ಸಂತೋಷ, ಒಂದೇ ಹೃದಯ ಅದನ್ನು ಹೊರಲಾರದು ಎಂದ. ಒಡತಿ ಎಂಬರ್ಥದ 'ಫ್ರೌವೆ' ಎಂಬ ಬಿರುದಿಗಿಂತ, ಹೆಣ್ಣು ಎಂಬರ್ಥದ 'ವೀಪ್' ಎಂಬ ಸಾದಾ ಮಾತೇ ಮೇಲು ಎಂದ. ಲಿಂಡನ್ ಮರದ ಕೆಳಗೆ ನಲ್ಲನೊಡನೆ ಕಳೆದ ಹೊತ್ತನ್ನು ಹುಡುಗಿಯೊಬ್ಬಳು ತಾನೇ ಹೇಳಿಕೊಳ್ಳುವ ಹಾಡನ್ನು ಕಟ್ಟಿದ. ಅವಳಲ್ಲಿ ಪಶ್ಚಾತ್ತಾಪವಿಲ್ಲ, ಸುಖವಿದೆ. ಅದಕ್ಕೆ ಸಾಕ್ಷಿ ಒಂದು ಪುಟ್ಟ ಹಕ್ಕಿ. ಬರೆದವನು ಗಂಡಸೇ, ನಿಜ. ಆದರೂ ಇಲ್ಲಿ ಮಾತು ಅವಳದು.

ಹಾಗೆಂದು ಇವನನ್ನೂ ಪೀಠದ ಮೇಲೆ ಕೂರಿಸಲು ನಾನು ಸಿದ್ಧಳಿಲ್ಲ. ಇನ್ನೊಂದು ಹಾಡಿನಲ್ಲಿ ಇದೇ ಮನುಷ್ಯ ತನಗೊಲಿಯದ ಒಡತಿಯ ಮೇಲೆ ಸಿಟ್ಟಾಗುತ್ತಾನೆ. ನನ್ನನ್ನು ಕಾಯಿಸಿ ಕಾಯಿಸಿ ಮುದುಕನನ್ನಾಗಿ ಮಾಡಿದರೆ ತಾನೇನೂ ಎಳೆಯಳಾಗಿ ಉಳಿಯುವುದಿಲ್ಲ ಎನ್ನುತ್ತಾನೆ. ಆಮೇಲೆ, ಅವಳ ಮುದಿ ಚರ್ಮಕ್ಕೆ ಹಸಿ ಬರಲಿನಿಂದ ಬಾರಿಸಿ ತನ್ನ ಸೇಡು ತೀರಿಸೆಂದು ಒಬ್ಬ ತರುಣನಿಗೆ ಹೇಳುತ್ತಾನೆ! ಇದು ತಮಾಷೆಯ ಹಾಡು ಎನ್ನುವವರಿದ್ದಾರೆ. ಇರಬಹುದು. ಈ ತಮಾಷೆ ನಮಗೇನು ಹೊಸದೇ? ನಾನು ಅಷ್ಟು ಪ್ರೀತಿಸಿದೆ, ಅವಳು ಒಲ್ಲೆ ಎಂದಳು ಎನ್ನುತ್ತಾ ಹುಡುಗಿಯ ಮೇಲೆ ಕೈಮಾಡಿದವನ ಸುದ್ದಿಯನ್ನು ನಾವೆಲ್ಲ ಪತ್ರಿಕೆಯಲ್ಲಿ ಓದಿದವರೇ. ಹೊಗಳಿದ್ದಕ್ಕೆ ಲೆಕ್ಕವಿಟ್ಟವನು ಒಂದು ದಿನ ಬಡ್ಡಿ ಕೇಳದಿರುವುದಿಲ್ಲ. ದೇವತೆ ಎಂದು ಕೈಮುಗಿದವನೇ ವರ ಸಿಗದಿದ್ದರೆ ಮೂರ್ತಿಗೆ ಕಲ್ಲೆಸೆಯುತ್ತಾನೆ. ಬಾಯಿ ಒಂದೇ, ಸ್ತುತಿಯೂ ಅದರದೇ, ಬರಲೂ ಅದರದೇ.

ಹೊಗಳಿಕೆಯ ಬೆಲೆ ಏನೆಂದು ವಾಲ್ಟರನಿಗೇ ಗೊತ್ತಿತ್ತು. ಹಾಡಿಗೆ ತಲೆದೂಗುವವರು ಅವನಿಗೆ ಕಡಮೆಯಿರಲಿಲ್ಲ. ಆದರೂ ಅವನ ಬದುಕಿನ ಬಗ್ಗೆ ಆ ಕಾಲದ ಕಡತದಲ್ಲಿ ಸಿಗುವುದು ಒಂದೇ ಖರ್ಚಿನ ಬಾಬತ್ತು. 1203ರ ನವೆಂಬರ್ 12ರಂದು ಪಾಸೌದ ಬಿಷಪ್ ಅವನಿಗೆ ತುಪ್ಪಳದ ಕೋಟಿಗೆಂದು ಐದು ಷಿಲಿಂಗ್ ಕೊಡಿಸಿದ್ದು. ಪರರ ಒಲೆಯ ಮುಂದೆ ಎಷ್ಟು ದಿನ ಮೈಕಾಯಿಸಲಿ ಎಂದು ಅರಸನನ್ನು ಬೇಡಿ, 1220ರ ಸುಮಾರಿಗೆ ಎರಡನೆಯ ಫ್ರೆಡರಿಕ್‌ನಿಂದ ಒಂದು ಉಂಬಳಿ ಸಿಕ್ಕಾಗ ಅವನು ಕುಣಿದಾಡಿದ. ಚಪ್ಪಾಳೆಯಿಂದ ಅವನ ಚಳಿ ಬಿಡಲಿಲ್ಲ. ತನ್ನದೆಂಬ ಒಂದು ಒಲೆ, ತುಂಡು ನೆಲ ಬೇಕಾಯಿತು. ಗಂಡಸಾದ ಅವನಿಗೇ ಸಾಲದ ಹೊಗಳಿಕೆ ನಮಗೆ ಮಾತ್ರ ಹೇಗೆ ಸಾಕಾದೀತು, ನೀವೇ ಹೇಳಿ.

ಗೌರವ ಬೇಡವೆಂದು ನಾನು ಹೇಳುತ್ತಿಲ್ಲ. ಪಾಲಿನ ಬದಲಿಗೆ ಕೊಡುವ ಗೌರವ ಬೇಡ ಎನ್ನುತ್ತಿದ್ದೇನೆ. ಮನೆಯ ಪತ್ರದಲ್ಲಿ ಹೆಸರಿಲ್ಲ, ಮಗಳ ಮದುವೆಯ ಮಾತುಕತೆಯಲ್ಲಿ ಜಾಗವಿಲ್ಲ, ಆದರೆ ವರ್ಷಕ್ಕೊಮ್ಮೆ ವೇದಿಕೆಯಿಂದ "ತಾಯಂದಿರೇ, ದೇವತೆಗಳೇ" ಎಂಬ ಸಂಬೋಧನೆ. ಎಂಟುನೂರು ವರ್ಷಗಳ ಹಿಂದೆ ಆಸ್ಥಾನದ ಕವಿಯೊಬ್ಬನಿಗೇ ಇದು ಸಾಕೆನಿಸಿತ್ತು. ಸಮವಾಗಿ ಹಂಚಿಕೊಳ್ಳದ್ದು ಪ್ರೀತಿಯಲ್ಲ ಎಂದು ಅವನೇ ಹೇಳಿಬಿಟ್ಟಿದ್ದಾನೆ.

ಈ ವರ್ಷದ ವಾರ್ಷಿಕೋತ್ಸವಕ್ಕೆ ಅತಿಥಿಗಳು ಯಾರೋ ತಿಳಿಯದು. ಯಾರೇ ಬರಲಿ, ಆ ಮಾತು ಬಂದಾಗ ನನ್ನ ಕೈಗಳು ಮಡಿಲಲ್ಲೇ ಇರುತ್ತವೆ.