ಸಣ್ಣ ಹೋಟೆಲಿಗೆ ಹೊಸ ವಿಚಾರ ಎಲ್ಲಿಂದ?

ಸಾಗರದ ಬಳಿ ಹದಿನೆಂಟು ಕೊಠಡಿಗಳ ವಸತಿಗೃಹ ನಡೆಸುವ ನನ್ನ ಭಾವ, ಮಗನನ್ನು ಹೋಟೆಲ್ ವ್ಯವಹಾರ ಕಲಿಯಲು ಸ್ಯಾನ್ ಫ್ರಾನ್ಸಿಸ್ಕೋಗೆ ಕಳುಹಿಸುವ ಇಚ್ಛೆಯನ್ನು ಕಳೆದ ವಾರ ದೂರವಾಣಿಯಲ್ಲಿ ತಿಳಿಸಿದರು. ಅದಕ್ಕಾಗಿ ಅಡಿಕೆ ತೋಟವನ್ನು ಅಡವಿಡಲೂ ಸಿದ್ಧರಿದ್ದಾರೆ. “ಹೊಸ ವಿಚಾರಗಳೆಲ್ಲ ಹುಟ್ಟುವುದು ನಿಮ್ಮ ಕಡೆಯೇ ಅಲ್ಲವೆ?” ಎಂದು ಕೇಳಿದರು. ತೋಟದ ಮಾತು ಬಂದ ಮೇಲೆ ಯೋಚಿಸದೆ ಉತ್ತರಿಸಲು ಮನಸ್ಸಾಗಲಿಲ್ಲ.

ಬಂಡವಾಳವಿದ್ದಲ್ಲಿ ವಿಚಾರ ತಾನಾಗಿ ಬರುತ್ತದೆ ಎನ್ನುವಂತಿಲ್ಲ. ಈ ನಗರದ ಅತಿದೊಡ್ಡ ಹೋಟೆಲುಗಳ ಸಾಲಿಗೆ ಸೇರಿದ ಹಿಲ್ಟನ್ ಯೂನಿಯನ್ ಸ್ಕ್ವೇರ್ ಮತ್ತು ಪಾರ್ಕ್ 55 ಹೋಟೆಲುಗಳ ಒಡೆತನದ ಸಂಸ್ಥೆ, 2023ರ ಜೂನ್‌ನಲ್ಲಿ 72.5 ಕೋಟಿ ಡಾಲರ್ ಸಾಲದ ಮರುಪಾವತಿಯನ್ನೇ ನಿಲ್ಲಿಸಿತು.

ಸಣ್ಣವರ ಕಥೆ ಬೇರೆ. 1987ರಲ್ಲಿ ಇಪ್ಪತ್ತಾರರ ತರುಣ ಚಿಪ್ ಕಾನ್ಲೆ, ಬಡತನಕ್ಕೂ ಅಪರಾಧಕ್ಕೂ ಹೆಸರಾಗಿದ್ದ ಟೆಂಡರ್‌ಲಾಯಿನ್ ಬಡಾವಣೆಯಲ್ಲಿ ಹಾಳುಬಿದ್ದಿದ್ದ ಮೋಟೆಲೊಂದನ್ನು ಕೊಂಡರು. ಅದರ ಅಂಗಳದಲ್ಲಿ ಸಂಗೀತ ತಂಡಗಳ ದೊಡ್ಡ ಬಸ್ಸು ನಿಲ್ಲಿಸಲು ಸ್ಥಳವಿತ್ತು. ಸಂಗೀತಗಾರರನ್ನೇ ಅತಿಥಿಗಳೆಂದು ಭಾವಿಸಿ, ‘ರೋಲಿಂಗ್ ಸ್ಟೋನ್’ ಪತ್ರಿಕೆಯ ಮನೋಧರ್ಮವನ್ನು ಮಾದರಿಯಾಗಿಟ್ಟುಕೊಂಡು ಅವರು ರೂಪಿಸಿದ್ದೇ ಫೀನಿಕ್ಸ್ ಹೋಟೆಲ್. ಅವರ ಸಂಸ್ಥೆ ಮುಂದೆ ಹತ್ತಾರು ಹೋಟೆಲುಗಳಿಗೆ ಬೆಳೆಯಿತು.

2007ರ ಅಕ್ಟೋಬರ್‌ನಲ್ಲಿ ಇದೇ ನಗರದಲ್ಲಿ ವಿನ್ಯಾಸಕಾರರ ಸಮ್ಮೇಳನವೊಂದು ನಡೆದು ಹೋಟೆಲುಗಳು ತುಂಬಿಹೋದಾಗ, ಮನೆ ಬಾಡಿಗೆಗೆ ಪರದಾಡುತ್ತಿದ್ದ ಇಬ್ಬರು ಗೆಳೆಯರು ಗಾಳಿ ತುಂಬುವ ಹಾಸಿಗೆಗಳನ್ನು ಹಾಸಿ ಮೂವರು ಅತಿಥಿಗಳನ್ನು ಇರಿಸಿಕೊಂಡರು. ಏರ್‌ಬಿಎನ್‌ಬಿ ಆರಂಭವಾದದ್ದು ಹೀಗೆ. 2013ರಲ್ಲಿ ಆ ಸಂಸ್ಥೆ ಆತಿಥ್ಯದ ಪಾಠಕ್ಕಾಗಿ ಕರೆದದ್ದು ಅದೇ ಕಾನ್ಲೆಯವರನ್ನು.

ಕೆಲವೊಮ್ಮೆ ಕಾನೂನೂ ದಾರಿ ತೋರಿಸುತ್ತದೆ. ಕೊಠಡಿಗಳಲ್ಲಿ ಶಾಂಪೂವಿನ ಪುಟ್ಟ ಪ್ಲಾಸ್ಟಿಕ್ ಬಾಟಲಿ ಇಡುವುದನ್ನು ಕ್ಯಾಲಿಫೋರ್ನಿಯ 2019ರ ಶಾಸನದಿಂದ ನಿಷೇಧಿಸಿತು. 50ಕ್ಕಿಂತ ಹೆಚ್ಚು ಕೊಠಡಿಗಳಿರುವವರಿಗೆ 2023ರಿಂದ, ಉಳಿದವರಿಗೆ 2024ರಿಂದ ಅದು ಅನ್ವಯವಾಯಿತು. ಗೋಡೆಗೆ ಅಳವಡಿಸಿದ, ಮತ್ತೆಮತ್ತೆ ತುಂಬಬಹುದಾದ ದೊಡ್ಡ ಬಾಟಲಿ ಇಲ್ಲಿನ ಸ್ನಾನಗೃಹಗಳಲ್ಲಿ ಈಗ ಸಾಮಾನ್ಯ ನೋಟ. ನಮ್ಮ ಊರಿನ ವಸತಿಗೃಹಕ್ಕೆ ಇದನ್ನು ತರಲು ಯಾವ ಪದವಿಯೂ ಬೇಕಾಗಿಲ್ಲ.

ಹಾಗೆ ನೋಡಿದರೆ ಈ ವಿದ್ಯೆ ನಮಗೆ ಹೊಸದೂ ಅಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವ ಉಂಟಾದಾಗ ರವೆಯಿಂದ ಇಡ್ಲಿ ಮಾಡಿದೆವೆಂದು ಬೆಂಗಳೂರಿನ ಎಂಟಿಆರ್ ಹೇಳಿಕೊಂಡು ಬಂದಿದೆ. ಕೊರತೆಯನ್ನೂ ಅತಿಥಿಯ ಅಗತ್ಯವನ್ನೂ ಗಮನಿಸುವ ಕಣ್ಣಿದ್ದಲ್ಲಿ ವಿಚಾರ ಹುಟ್ಟುತ್ತದೆ.

ಇಲ್ಲಿನ ಶಿಕ್ಷಣ ವ್ಯರ್ಥವೆಂದು ನಾನು ಹೇಳಲಾರೆ. ಲೆಕ್ಕಪತ್ರ, ಕಾನೂನು, ದೊಡ್ಡ ಸಂಸ್ಥೆಗಳ ಶಿಸ್ತು ಇವೆಲ್ಲವನ್ನೂ ಅದು ಕಲಿಸುತ್ತದೆ. ಆದರೆ ಆ ಕಣ್ಣನ್ನು ಸಾಲ ಮಾಡಿ ಕೊಳ್ಳಲಾಗದು. ಆದುದರಿಂದ ಭಾವನಿಗೆ ಬರೆದೆ: “ಒಂದು ವರ್ಷ ಅವನನ್ನು ನಿಮ್ಮ ಕೌಂಟರಿನಲ್ಲಿ ಕೂರಿಸಿ. ಬಂದವರು ಕೇಳಿದ್ದನ್ನೂ, ಕೇಳಿದರೂ ನಾವು ಕೊಡಲಾಗದೆ ಹೋದದ್ದನ್ನೂ ದಿನವೂ ಬರೆದಿಡಲಿ. ಆ ಪುಸ್ತಕ ತುಂಬಿದ ಮೇಲೂ ಬರಬೇಕೆನಿಸಿದರೆ ಖಂಡಿತ ಬರಲಿ, ನಮ್ಮ ಮನೆಯಲ್ಲೇ ಇರಲಿ. ಏನು ಕಲಿಯಬೇಕೆಂಬುದು ಆಗ ಅವನಿಗೇ ತಿಳಿದಿರುತ್ತದೆ. ಅಲ್ಲಿಯವರೆಗೆ ತೋಟದ ಪತ್ರ ಪೆಟ್ಟಿಗೆಯಲ್ಲೇ ಇರಲಿ.”